ಗೌರವವೋ, ಗಾಳವೋ?

1984ನೆಯ ಇಸವಿಯ ಬೇಸಿಗೆಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಮಿನ್ನೆಸೋಟ ರಾಜ್ಯದ ನಾರ್ತ್ ಓಕ್ಸ್ ಎಂಬ ಊರಿನ ಒಂದು ಮನೆಯ ಕಡೆಗೆ ಇಡೀ ದೇಶದ ಪತ್ರಕರ್ತರ ಕಣ್ಣು ನೆಟ್ಟಿತ್ತು. ಆ ಮನೆ ವಾಲ್ಟರ್ ಮಾಂಡೇಲ್ ಅವರದು. ಅಧ್ಯಕ್ಷ ಪದವಿಗೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರರಾಗಲಿದ್ದ ಅವರು, ತಮ್ಮೊಡನೆ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಲು ಯೋಗ್ಯರಾದವರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕರೆಸಿ ಮಾತನಾಡಿಸುತ್ತಿದ್ದರು. ಲಾಸ್ ಏಂಜಲೀಸ್ ನಗರದ ಮೇಯರ್ ಟಾಮ್ ಬ್ರಾಡ್ಲಿ ಬಂದರು, ಫಿಲಡೆಲ್ಫಿಯಾದ ವಿಲ್ಸನ್ ಗುಡ್ ಬಂದರು. ಇಬ್ಬರೂ ಕರಿಯ ಜನಾಂಗದವರು. ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಡಯಾನ್ ಫೈನ್‌ಸ್ಟೈನ್, ಕೆಂಟಕಿಯ ಗವರ್ನರ್ ಮಾರ್ಥಾ ಲೇನ್ ಕಾಲಿನ್ಸ್, ನ್ಯೂಯಾರ್ಕಿನ ಕಾಂಗ್ರೆಸ್ ಸದಸ್ಯೆ ಜೆರಾಲ್ಡೀನ್ ಫೆರಾರೊ ಬಂದರು. ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಿಂದ 37 ವಯಸ್ಸಿನ ಮೇಯರ್ ಹೆನ್ರಿ ಸಿಸ್ನೆರೋಸ್ ಬಂದರು. ಅವರು ಮೆಕ್ಸಿಕೋ ಮೂಲದವರು. ಬಂದವರಲ್ಲಿ ಪ್ರತಿಯೊಬ್ಬರ ಹಿಂದೆಯೂ ಒಂದೊಂದು ಸಮುದಾಯವೇ ಸಾಲುಗಟ್ಟಿ ಬಂದಂತೆ ಪತ್ರಿಕೆಗಳು ಬರೆದವು. ಇದು ಆಯ್ಕೆಯಲ್ಲ, ಮೆರವಣಿಗೆ ಎಂದು ಸ್ವಪಕ್ಷದವರೇ ಆಡಿಕೊಂಡರು.

ಜುಲೈ 12ರಂದು ಮಾಂಡೇಲ್ ಅವರು ಫೆರಾರೊ ಅವರ ಹೆಸರನ್ನು ಘೋಷಿಸಿದರು. ದೊಡ್ಡ ಪಕ್ಷವೊಂದರಿಂದ ಆ ಸ್ಥಾನಕ್ಕೆ ನಿಂತ ಮೊದಲ ಮಹಿಳೆ ಅವರು. ನವೆಂಬರಿನಲ್ಲಿ 50 ರಾಜ್ಯಗಳ ಪೈಕಿ 49ರಲ್ಲಿ ಸೋಲಾಯಿತು. ಮಹಿಳೆಯರ ಮತಗಳಲ್ಲಿಯೂ ಹೆಚ್ಚಿನ ಪಾಲು ಎದುರಾಳಿ ರೇಗನ್ ಅವರಿಗೇ ಸಂದಿತು. ಸಿಸ್ನೆರೋಸ್ ತಮ್ಮ ಊರಿನ ಕೆಲಸಕ್ಕೆ ಮರಳಿದರು. ಅಂದಿನಿಂದ ಈಚೆಗೆ ಲ್ಯಾಟಿನೋ ಹೆಸರುಗಳು ಪರಿಶೀಲನೆಯ ಯಾದಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. 2004ರಲ್ಲಿ ನ್ಯೂ ಮೆಕ್ಸಿಕೋದ ಬಿಲ್ ರಿಚರ್ಡ್‌ಸನ್. 2012ರಲ್ಲಿ ಫ್ಲಾರಿಡಾದ ಮಾರ್ಕೊ ರೂಬಿಯೊ, ನ್ಯೂ ಮೆಕ್ಸಿಕೋದ ಸುಸಾನಾ ಮಾರ್ಟಿನೆಜ್. 2016ರಲ್ಲಿ ಹೂಲಿಯಾನ್ ಕಾಸ್ಟ್ರೊ. 2020ರಲ್ಲಿ ಮಿಶೆಲ್ ಲುಹಾನ್ ಗ್ರಿಶಮ್, ಕ್ಯಾಥರಿನ್ ಕೊರ್ಟೆಜ್ ಮಾಸ್ಟೊ. 2024ರಲ್ಲಿ ಮತ್ತೊಮ್ಮೆ ರೂಬಿಯೊ. 2024ರ ಚುನಾವಣೆ ಮುಗಿಯುವವರೆಗೂ ಇವರಲ್ಲಿ ಒಬ್ಬರ ಹೆಸರೂ ಎರಡು ದೊಡ್ಡ ಪಕ್ಷಗಳ ಮತಪತ್ರದ ಮೇಲೆ ಆ ಸ್ಥಾನದಲ್ಲಿ ಅಚ್ಚಾಗಲಿಲ್ಲ.

ಒಂದು ಸಮುದಾಯದ ಮತಗಳನ್ನು ಸೆಳೆಯಬೇಕೆಂಬ ಉದ್ದೇಶದಿಂದ ಆ ಸಮುದಾಯದ ಒಬ್ಬ ವ್ಯಕ್ತಿಯನ್ನು ಉನ್ನತ ಪದವಿಗೆ ಆರಿಸುವುದು ನೀತಿಯೇ? ಜಾತಿವಾರು ಲೆಕ್ಕ ಹಾಕಿ ಟಿಕೆಟು ಹಂಚುವುದನ್ನು ಕಂಡುಂಡ ಕನ್ನಡ ಓದುಗರಿಗೆ ಪ್ರಶ್ನೆ ಹೊಸದೇನಲ್ಲ. ರಾಜಕಾರಣವೆಂದರೆ ಎಣಿಕೆ, ಎಣಿಕೆಯಲ್ಲಿ ನೀತಿಯನ್ನು ಹುಡುಕುವುದೇಕೆ ಎಂದು ತಳ್ಳಿಹಾಕುವವರೂ ಉಂಟು. ಆದರೆ ವ್ಯಾಪಾರವೂ ಎಣಿಕೆಯೇ. ಗಿರಾಕಿಯನ್ನು ಅಂಗಡಿಗೆ ಕರೆಯುವುದರಲ್ಲಿ ದೋಷವಿಲ್ಲ. ಕರೆದ ಮೇಲೆ ತೋರಿಸಿದ ಮಾದರಿ ಒಂದು, ತೂಗಿ ಕೊಟ್ಟ ಸರಕು ಇನ್ನೊಂದು ಆದರೆ ದೋಷವುಂಟು. ಎಣಿಕೆಯೊಳಗೇ ನ್ಯಾಯ ಅನ್ಯಾಯಗಳಿವೆಯೆಂಬುದನ್ನು ತಕ್ಕಡಿ ಹಿಡಿದವರು ಬಲ್ಲರು.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ತಾನು 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದಲ್ಲಿ, ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಲಾಗದು, ಅವನನ್ನು ಸ್ವತಃ ಒಂದು ಗುರಿಯೆಂದೂ ಕಾಣಬೇಕು ಎಂಬ ಆಶಯವನ್ನು ಪ್ರತಿಪಾದಿಸಿದನು. ಈ ಮಾತನ್ನು ಉದ್ಧರಿಸುವವರು ‘ಕೇವಲ’ ಎಂಬ ಶಬ್ದವನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಹಮಾಲಿಯು ಮೂಟೆ ಹೊರುವುದರಿಂದ ವರ್ತಕನಿಗೆ ಪ್ರಯೋಜನ, ವರ್ತಕನ ಕೂಲಿಯಿಂದ ಹಮಾಲಿಗೆ ಪ್ರಯೋಜನ. ಇಬ್ಬರೂ ಒಬ್ಬರಿಗೊಬ್ಬರು ಸಾಧನರೇ. ಅದರಿಂದ ಯಾರ ಮಾನವೂ ಹೋಗುವುದಿಲ್ಲ. ಹಮಾಲಿಯ ಬೆನ್ನು ಮಾತ್ರ ಕಂಡು, ಬೆನ್ನಿನ ಮೇಲಿರುವ ತಲೆಯನ್ನು ಕಾಣದಾದಾಗ ಅಧರ್ಮ ಆರಂಭವಾಗುತ್ತದೆ. ಆದ್ದರಿಂದ ಮತಕ್ಕಾಗಿ ಆರಿಸಿದರೋ ಇಲ್ಲವೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಮತಕ್ಕಾಗಿಯೇ ಆರಿಸುತ್ತಾರೆ, ಚುನಾವಣೆಯಲ್ಲಿ ಬೇರೇತಕ್ಕೆ ಆರಿಸಿಯಾರು? ಮತಕ್ಕಾಗಿ ಮಾತ್ರವೇ ಆರಿಸಿದರೋ ಎಂಬುದು ಪ್ರಶ್ನೆ.

ಮೊದಲಿಗೆ ಒಂದು ಅನ್ಯಾಯವನ್ನು ಗುರುತಿಸಬೇಕು. ಪಟ್ಟಿಯನ್ನು ಸರಿದೂಗಿಸುವ ಪದ್ಧತಿ ಆ ದೇಶದಲ್ಲಿ ಬಹು ಹಳೆಯದು. ಉತ್ತರದವನು ಅಧ್ಯಕ್ಷನಾದರೆ ದಕ್ಷಿಣದವನು ಉಪಾಧ್ಯಕ್ಷ, ಪಟ್ಟಣದವನು ಒಬ್ಬನಾದರೆ ಬೇಸಾಯದ ಸೀಮೆಯವನು ಇನ್ನೊಬ್ಬ. 1960ರಲ್ಲಿ ಮ್ಯಾಸಚೂಸೆಟ್ಸ್‌ನ ಕ್ಯಾಥೊಲಿಕ್ ಮತೀಯ ಜಾನ್ ಕೆನಡಿಯವರು ಟೆಕ್ಸಸ್‌ನ ಲಿಂಡನ್ ಜಾನ್ಸನ್ ಅವರನ್ನು ಆರಿಸಿಕೊಂಡದ್ದು ದಕ್ಷಿಣದ ಮತಗಳಿಗಾಗಿ ಎಂಬುದು ಬಹಿರಂಗ ಸಂಗತಿ. ಅದನ್ನು ಚಾಣಾಕ್ಷತೆಯೆಂದು ಹೊಗಳಿದರು; ಜಾನ್ಸನ್ ಅವರನ್ನು ಬರಿಯ ಗೊಂಬೆಯೆಂದು ಯಾರೂ ಕರೆಯಲಿಲ್ಲ. ಅದೇ ಪದ್ಧತಿಯಂತೆ ಒಬ್ಬ ಲ್ಯಾಟಿನೋ ಹೆಸರು ಬಂದ ಕೂಡಲೆ ‘ಯೋಗ್ಯತೆ ಎಲ್ಲಿ?’ ಎಂಬ ಕೂಗು ಏಳುತ್ತದೆ. ಒಂದೇ ಅಂಗಡಿಯಲ್ಲಿ ಎರಡು ತೂಕದ ಕಲ್ಲುಗಳು. ಟೆಕ್ಸಸ್‌ನಲ್ಲಿ ಹುಟ್ಟಿದ್ದು ಒಂದು ಅರ್ಹತೆಯಾದೀತಾದರೆ, ಟೆಕ್ಸಸ್‌ನ ಮೆಕ್ಸಿಕೋ ಮೂಲದ ಮನೆಯಲ್ಲಿ ಹುಟ್ಟಿದ್ದು ಅನರ್ಹತೆಯ ಶಂಕೆಗೆ ಕಾರಣವಾಗುವುದು ಹೇಗೆ? ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವಿಲ್ಲ. ಸರಿದೂಗಿಸುವುದನ್ನೇ ಆಕ್ಷೇಪಿಸುವವನು ಎಲ್ಲ ಬಗೆಯ ಸರಿದೂಗಿಸುವಿಕೆಯನ್ನೂ ಆಕ್ಷೇಪಿಸಬೇಕು.

ಹಾಗೆ ಆಕ್ಷೇಪಿಸಲು ಬಲವಾದ ಕಾರಣವೂ ಇದೆ. ಉಪಾಧ್ಯಕ್ಷ ಪದವಿಯನ್ನು ಅಲಂಕರಿಸಿದ ಮೊದಲಿಗ ಜಾನ್ ಆಡಮ್ಸ್ ಮೊದಲುಗೊಂಡು ಹಲವರು ಅದು ಯಾವ ಕೆಲಸಕ್ಕೂ ಬಾರದ ಹುದ್ದೆಯೆಂದು ಹಳಿದಿದ್ದಾರೆ. ಆದರೆ 2025ರಲ್ಲಿ ಅಧಿಕಾರ ವಹಿಸಿಕೊಂಡ ಜೆ. ಡಿ. ವ್ಯಾನ್ಸ್ ಅವರವರೆಗೆ ಆ ಪದವಿಗೆ ಬಂದ 50 ಜನರ ಪೈಕಿ 9 ಮಂದಿ, ಅಧ್ಯಕ್ಷನ ಮರಣದಿಂದಲೋ ರಾಜೀನಾಮೆಯಿಂದಲೋ, ಅವಧಿಯ ನಡುವೆಯೇ ಅಧ್ಯಕ್ಷರಾದರು. ಸುಮಾರು ಐವರಲ್ಲಿ ಒಬ್ಬರು. ಇಷ್ಟು ಸಂಭವವಿರುವ ಯಾವ ಹೊಣೆಯನ್ನೂ ವಿವೇಕಿಯಾದ ಗೃಹಸ್ಥನು ಅಲಂಕಾರಕ್ಕಾಗಿ ಒಪ್ಪಿಸುವುದಿಲ್ಲ. 1945ರಲ್ಲಿ ರೂಸ್‌ವೆಲ್ಟ್ ತೀರಿಕೊಂಡಾಗ ಹ್ಯಾರಿ ಟ್ರೂಮನ್ ಉಪಾಧ್ಯಕ್ಷರಾಗಿ ಕಳೆದಿದ್ದುದು 82 ದಿನ. ಅಣುಬಾಂಬಿನ ವಿವರವನ್ನು ಅವರಿಗೆ ತಿಳಿಸಿದ್ದು ಅಧ್ಯಕ್ಷರಾದ ಮೇಲೆ.

ಈ ವಿಷಯದಲ್ಲಿ ಮರೆಯಲಾಗದ ದೃಷ್ಟಾಂತವೆಂದರೆ 1864ರದು. ಅಂತರ್ಯುದ್ಧ ನಡೆಯುತ್ತಿತ್ತು, ಲಿಂಕನ್ ಎರಡನೆಯ ಬಾರಿ ನಿಲ್ಲಬೇಕಾಗಿತ್ತು, ಗೆಲುವು ಖಚಿತವಿರಲಿಲ್ಲ. ಆಗ ಉಪಾಧ್ಯಕ್ಷರಾಗಿದ್ದವರು ಮೇಯ್ನ್ ರಾಜ್ಯದ ಹ್ಯಾನಿಬಲ್ ಹ್ಯಾಮ್ಲಿನ್, ಗುಲಾಮಗಿರಿಯ ದೃಢ ವಿರೋಧಿ. ಅವರ ರಾಜ್ಯದ ಮತಗಳು ಹೇಗೂ ಕೈಯಲ್ಲಿದ್ದವು. ಯುದ್ಧಕ್ಕೆ ಬೆಂಬಲ ನೀಡುತ್ತಿದ್ದ ಡೆಮಾಕ್ರಟರನ್ನೂ ಗಡಿರಾಜ್ಯಗಳ ಜನರನ್ನೂ ಒಲಿಸಿಕೊಳ್ಳಲು ಜೂನ್ ತಿಂಗಳಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಸಮ್ಮೇಳನವು ಹ್ಯಾಮ್ಲಿನ್ ಅವರನ್ನು ಬಿಟ್ಟು ಟೆನಿಸಿಯ ಆಂಡ್ರ್ಯೂ ಜಾನ್ಸನ್ ಅವರನ್ನು ಆರಿಸಿತು. ಜಾನ್ಸನ್ ಧೈರ್ಯವಂತರಲ್ಲವೆಂದಲ್ಲ. ಅವರ ರಾಜ್ಯ ಒಕ್ಕೂಟದಿಂದ ಸಿಡಿದು ಹೋದರೂ ಸೆನೆಟಿನ ತಮ್ಮ ಆಸನವನ್ನು ಬಿಡದೆ ಉಳಿದ ದಕ್ಷಿಣದ ಏಕೈಕ ಸೆನೆಟರ್ ಅವರು. ಎಣಿಕೆಯ ದೃಷ್ಟಿಯಿಂದ ಇದಕ್ಕಿಂತ ಉತ್ತಮ ಆಯ್ಕೆ ಇರಲಿಲ್ಲ. 1865ರ ಮಾರ್ಚ್ 4ರಂದು ಅವರು ಪ್ರಮಾಣ ಸ್ವೀಕರಿಸಿದರು, ಅದೂ ಮದ್ಯದ ಅಮಲಿನಲ್ಲಿ. ಏಪ್ರಿಲ್ 15ರಂದು ಲಿಂಕನ್ ಗುಂಡೇಟಿನಿಂದ ತೀರಿಕೊಂಡರು.

ಮುಂದಿನದು ಆಗಷ್ಟೇ ಬಿಡುಗಡೆಗೊಂಡ ಸುಮಾರು 40 ಲಕ್ಷ ಗುಲಾಮರ ಕಥೆ. ಯುದ್ಧಕಾಲದಲ್ಲಿ ಸೇನಾಪತಿ ಶರ್ಮನ್ ಆಜ್ಞೆಯಂತೆ ಕರಾವಳಿಯ ಕೆಲವೆಡೆ ಅವರಿಗೆ ಒದಗಿದ್ದ ಭೂಮಿಯನ್ನು ಜಾನ್ಸನ್ ಹಳೆಯ ಧಣಿಗಳಿಗೆ ಹಿಂದಿರುಗಿಸಿದರು. ದಕ್ಷಿಣದ ಶಾಸನಸಭೆಗಳು ಕರಿಯರನ್ನು ಮತ್ತೆ ಕಟ್ಟಿಹಾಕುವ ಕಾಯಿದೆಗಳನ್ನು ಮಾಡಿದಾಗ ಸುಮ್ಮನಿದ್ದರು. ಅವರಿಗೆ ಪೌರತ್ವದ ಹಕ್ಕು ನೀಡುವ 1866ರ ಮಸೂದೆಯನ್ನು ತಿರಸ್ಕರಿಸಿದರು. ಕಾಂಗ್ರೆಸ್ ಆ ತಿರಸ್ಕಾರವನ್ನು ಮೀರಿ ಅದನ್ನು ಶಾಸನವಾಗಿಸಬೇಕಾಯಿತು. 1868ರಲ್ಲಿ ಅವರ ಮೇಲೆ ಮಹಾಭಿಯೋಗ ನಡೆದು, ಸೆನೆಟಿನಲ್ಲಿ ಒಂದೇ ಮತದ ಅಂತರದಲ್ಲಿ ಅವರು ಪದವಿ ಉಳಿಸಿಕೊಂಡರು. ಗಡಿರಾಜ್ಯಗಳ ಕೆಲವು ಮತಗಳಿಗಾಗಿ ಮಾಡಿದ ಒಂದು ಹೊಂದಾಣಿಕೆಯ ಸಾಲವನ್ನು, ಆ ಸಮ್ಮೇಳನದಲ್ಲಿ ಯಾರ ಮಾತೂ ನಡೆಯದಿದ್ದ ಜನರು ತೀರಿಸಿದರು. ಸಾಲಪತ್ರಕ್ಕೆ ಸಹಿ ಹಾಕಿದವನೊಬ್ಬ, ಬಡ್ಡಿ ಕಟ್ಟಿದವನು ಮತ್ತೊಬ್ಬ. ಚುನಾವಣೆಯ ಜಾಣತನವನ್ನು ಹೊಗಳುವವರು ಈ ಲೆಕ್ಕವನ್ನು ಬರೆದಿಡುವುದೇ ಇಲ್ಲ.

ಆದರೆ ಇಲ್ಲಿಯೂ ಎಚ್ಚರ ಬೇಕು. ಟ್ರೂಮನ್ ಅವರ ಆಯ್ಕೆಯೂ 1944ರಲ್ಲಿ ಪಕ್ಷದ ಬಣಗಳನ್ನು ಸಮಾಧಾನಪಡಿಸಲು ಆದ ಹೊಂದಾಣಿಕೆಯೇ. ಯುದ್ಧಾನಂತರದ ಯೂರೋಪನ್ನು ಮೇಲೆತ್ತುವ ಯೋಜನೆ ಅವರ ಕಾಲದಲ್ಲಿಯೇ ನಡೆಯಿತು, ಸೇನೆಯಲ್ಲಿ ವರ್ಣಭೇದವನ್ನು ನಿಷೇಧಿಸುವ 1948ರ ಆಜ್ಞೆ ಅವರದೇ. ದಕ್ಷಿಣದ ಮತಕ್ಕಾಗಿ ಬಂದ ಲಿಂಡನ್ ಜಾನ್ಸನ್, 1964 ಮತ್ತು 1965ರಲ್ಲಿ ನಾಗರಿಕ ಹಕ್ಕು, ಮತದಾನದ ಹಕ್ಕು ಎರಡಕ್ಕೂ ಶಾಸನದ ಬಲ ಕೊಟ್ಟು ದಕ್ಷಿಣದ ಮತಗಳನ್ನೇ ಕಳೆದುಕೊಂಡರು. ಆರಿಸಿದವನ ಉದ್ದೇಶದಿಂದ ಆರಿಸಲ್ಪಟ್ಟವನ ನಡತೆಯನ್ನು ಅಳೆಯಲಾಗದು. ಹಾಗೆಂದು ಆರಿಸಿದವನು ಹೊಣೆಯಿಂದ ಪಾರಾಗುವನೆಂದಲ್ಲ. ಅವನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ರಾತ್ರಿಯೇ ತಾನು ಕಣ್ಣು ಮುಚ್ಚಿದರೆ ನಾಳೆ ದೇಶವನ್ನು ಈ ಕೈಗೆ ಬಿಟ್ಟುಹೋಗಲು ಮನಸ್ಸು ಒಪ್ಪುತ್ತದೆಯೇ? ಒಪ್ಪುವುದಾದರೆ, ಆಮೇಲೆ ಮತಗಳ ಲೆಕ್ಕ ಹಾಕುವುದರಲ್ಲಿ ದೋಷವಿಲ್ಲ. ಅನುಕ್ರಮ ತಪ್ಪಿದರೆ ಮಾತ್ರ ದೋಷ.

ಲ್ಯಾಟಿನೋ ಮತದಾರರ ವಿಷಯಕ್ಕೆ ಬಂದರೆ ಇನ್ನೊಂದು ತೊಡಕು ಎದುರಾಗುತ್ತದೆ. ‘ಲ್ಯಾಟಿನೋ ಮತ’ ಎಂಬ ಒಂದು ವಸ್ತು ಇದೆಯೇ? 2020ರ ಜನಗಣತಿಯಲ್ಲಿ ತಮ್ಮನ್ನು ಹಿಸ್ಪಾನಿಕ್ ಅಥವಾ ಲ್ಯಾಟಿನೋ ಎಂದು ಗುರುತಿಸಿಕೊಂಡವರು 6.2 ಕೋಟಿಗೂ ಮಿಗಿಲು, ಆ ದೇಶದ ಜನಸಂಖ್ಯೆಯಲ್ಲಿ ಸುಮಾರು ಶೇಕಡಾ 19. ಆದರೆ ಈ ಹೆಸರಿನ ಅಡಿಯಲ್ಲಿ ಇರುವವರು ಯಾರು? ನ್ಯೂ ಮೆಕ್ಸಿಕೋದ ಕೆಲವು ಮನೆತನಗಳು ಅಮೆರಿಕಾ ಎಂಬ ರಾಷ್ಟ್ರ ಹುಟ್ಟುವುದಕ್ಕೂ ಮುಂಚೆ ಅಲ್ಲಿ ನೆಲೆಸಿದವು. 1848ರಲ್ಲಿ ಮೆಕ್ಸಿಕೋದೊಡನೆ ಒಪ್ಪಂದವಾದಾಗ ಅವರು ಗಡಿಯನ್ನು ದಾಟಲಿಲ್ಲ, ಗಡಿಯೇ ಅವರನ್ನು ದಾಟಿತು. ಪೋರ್ಟೊ ರಿಕೊ ದ್ವೀಪದವರು 1917ರಿಂದ ಹುಟ್ಟಿನಿಂದಲೇ ಪೌರರು. ವಿಚಿತ್ರವೆಂದರೆ ದ್ವೀಪದಲ್ಲಿದ್ದರೆ ಅಧ್ಯಕ್ಷನ ಆಯ್ಕೆಯಲ್ಲಿ ಅವರಿಗೆ ಮತವಿಲ್ಲ, ನ್ಯೂಯಾರ್ಕಿಗೋ ಫ್ಲಾರಿಡಾಕ್ಕೋ ಬಂದು ನೆಲೆಸಿದರೆ ಉಂಟು. ಕ್ಯೂಬಾದವರು 1959ರ ಕ್ರಾಂತಿಯ ತರುವಾಯ ಕಮ್ಯೂನಿಸ್ಟ್ ಆಡಳಿತದಿಂದ ತಪ್ಪಿಸಿಕೊಂಡು ಬಂದವರು. 1966ರ ವಿಶೇಷ ಶಾಸನ ಅವರಿಗೆ ನೆಲೆನಿಲ್ಲುವ ದಾರಿಯನ್ನು ಸುಗಮಗೊಳಿಸಿತು. ಮೆಕ್ಸಿಕೋದಿಂದಲೋ ಎಲ್ ಸಾಲ್ವಡಾರಿನಿಂದಲೋ ಬಂದ ಕೂಲಿಕಾರನಿಗೆ ಅಂಥ ದಾರಿ ಇರಲಿಲ್ಲ. ಒಬ್ಬನಿಗೆ ವಲಸೆಯ ಕಾಯಿದೆ ತೆರೆದ ಬಾಗಿಲು, ಇನ್ನೊಬ್ಬನಿಗೆ ಹಗಲಿರುಳಿನ ಭಯ.

ಇವರೆಲ್ಲರನ್ನೂ ಒಂದೇ ಲೆಕ್ಕದ ಪಟ್ಟಿಗೆ ಸೇರಿಸಿದ್ದು ಬಹುಮಟ್ಟಿಗೆ ಸರ್ಕಾರದ ಅಂಕಿಅಂಶದ ಅಗತ್ಯ. 1976ರಲ್ಲಿ ಕಾಂಗ್ರೆಸ್ ಈ ಜನರ ಪ್ರತ್ಯೇಕ ಅಂಕಿಗಳನ್ನು ಸಂಗ್ರಹಿಸಬೇಕೆಂದು ಶಾಸನ ಮಾಡಿತು. 1980ರ ಜನಗಣತಿಯಲ್ಲಿ ಮನೆಮನೆಗೂ ಆ ಪ್ರಶ್ನೆಯನ್ನು ಕೇಳಿದರು. ಲೆಕ್ಕವಿಲ್ಲದೆ ನ್ಯಾಯವನ್ನು ಬೇಡಲಾಗದಾದ್ದರಿಂದ ಅದು ತಪ್ಪಲ್ಲ. ಆದರೆ ಅಕ್ಕಿ, ಜೋಳ, ರಾಗಿಗಳನ್ನು ಒಂದೇ ಗೋಣಿಚೀಲಕ್ಕೆ ಸುರಿದು ಮೇಲೆ ‘ಧಾನ್ಯ’ ಎಂದು ಬರೆದವನು, ಚೀಲ ಬಿಚ್ಚಿದಾಗ ಒಂದೇ ರುಚಿಯನ್ನು ನಿರೀಕ್ಷಿಸಬಾರದು. ಕ್ಯೂಬಾದ ತಂದೆತಾಯಿಗಳ ಮಗನಾದ ಫ್ಲಾರಿಡಾದ ಸೆನೆಟರನನ್ನು ನಿಲ್ಲಿಸಿದರೆ ಅರಿಜೋನಾದ ಮೆಕ್ಸಿಕೋ ಮೂಲದ ತೋಟದ ಕೂಲಿಯು ಹಿಗ್ಗುತ್ತಾನೆಂದು ಭಾವಿಸುವುದರಲ್ಲಿ ಅಜ್ಞಾನಕ್ಕಿಂತ ಹೆಚ್ಚಾಗಿ ಒಂದು ಬಗೆಯ ತಾತ್ಸಾರವಿದೆ. ನಿಮ್ಮನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಲು ನಮಗೆ ಪುರುಸೊತ್ತಿಲ್ಲ ಎಂದಂತೆ ಅದು. ಲೆಕ್ಕದ ದೃಷ್ಟಿಯಿಂದಲೂ ಈ ಜಾಣತನ ಅಷ್ಟು ಫಲಪ್ರದವಲ್ಲ. ಲ್ಯಾಟಿನೋಗಳು ಅತಿ ಹೆಚ್ಚಾಗಿರುವ ಕ್ಯಾಲಿಫೋರ್ನಿಯಾದ 54, ಟೆಕ್ಸಸ್‌ನ 40 ನಿಯೋಜಕ ಮತಗಳು ಯಾವ ಪಕ್ಷಕ್ಕೆಂಬುದು 2024ರಲ್ಲಿಯೂ ಮೊದಲೇ ಗೊತ್ತಿದ್ದ ಸಂಗತಿ. ಪೈಪೋಟಿಯಿದ್ದದ್ದು 11 ಮತಗಳ ಅರಿಜೋನಾ, 6 ಮತಗಳ ನೆವಾಡಾದಂಥ ಕಡೆ.

2016ರ ಒಂದು ಪ್ರಸಂಗ ಈ ಸಮಸ್ಯೆಯ ಒಳಮೈಯನ್ನು ತೋರಿಸುತ್ತದೆ. ಹಿಲರಿ ಕ್ಲಿಂಟನ್ ಅವರ ಮುಂದಿದ್ದ ಹೆಸರುಗಳಲ್ಲಿ ಹೂಲಿಯಾನ್ ಕಾಸ್ಟ್ರೊ ಅವರದೊಂದು. ಸಿಸ್ನೆರೋಸ್ ಅವರಂತೆಯೇ ಸ್ಯಾನ್ ಆಂಟೋನಿಯೊದ ಮೇಯರ್ ಆಗಿದ್ದವರು, ಅವರಂತೆಯೇ ಕೇಂದ್ರದಲ್ಲಿ ವಸತಿ ಖಾತೆಯ ಕಾರ್ಯದರ್ಶಿಯಾದವರು. ಅಜ್ಜಿ ಮೆಕ್ಸಿಕೋದಿಂದ ಬಂದವರು. ಆದರೆ ಕಾಸ್ಟ್ರೊ ಅವರಿಗೆ ಸ್ಪ್ಯಾನಿಷ್ ಸರಾಗವಾಗಿ ಬರುತ್ತಿರಲಿಲ್ಲ. ಕ್ಲಿಂಟನ್ ಆರಿಸಿದ್ದು ವರ್ಜೀನಿಯಾದ ಟಿಮ್ ಕೇನ್ ಅವರನ್ನು. ಐರಿಷ್ ಮೂಲದ ಬಿಳಿಯರು. ಆದರೆ ಕಾನೂನು ವಿದ್ಯಾರ್ಥಿಯಾಗಿದ್ದಾಗ ಓದನ್ನು ನಿಲ್ಲಿಸಿ, ಹೊಂಡುರಾಸ್ ದೇಶದ ಎಲ್ ಪ್ರೊಗ್ರೆಸೊ ಎಂಬ ಊರಿನಲ್ಲಿ ಜೆಸ್ಯೂಟ್ ಪಾದ್ರಿಗಳ ವೃತ್ತಿಶಾಲೆಯಲ್ಲಿ ಬಡಹುಡುಗರಿಗೆ ಕಲಿಸಿದವರು. 2013ರಲ್ಲಿ ವಲಸೆ ಮಸೂದೆಯನ್ನು ಕುರಿತು ಸೆನೆಟಿನಲ್ಲಿ ಪೂರ್ತಿಯಾಗಿ ಸ್ಪ್ಯಾನಿಷ್‌ನಲ್ಲಿ ಭಾಷಣ ಮಾಡಿದವರು. ಮಿಯಾಮಿಯ ಮೊದಲ ಸಭೆಯಲ್ಲಿ ಅವರು ಸ್ಪ್ಯಾನಿಷ್‌ನಲ್ಲಿ ಮಾತು ಎತ್ತಿದಾಗ ಸಭಿಕರು ಹರ್ಷಧ್ವನಿಗೈದರು.

ಇವರಿಬ್ಬರಲ್ಲಿ ಲ್ಯಾಟಿನೋ ಸಮುದಾಯವನ್ನು ಪ್ರತಿನಿಧಿಸುವವರು ಯಾರು? ರಕ್ತವನ್ನು ಕೇಳಿದರೆ ಕಾಸ್ಟ್ರೊ ಎನ್ನುತ್ತದೆ, ನಾಲಗೆಯನ್ನು ಕೇಳಿದರೆ ಕೇನ್ ಎನ್ನುತ್ತದೆ. ಕಾಸ್ಟ್ರೊ ಅವರಿಗೆ ಭಾಷೆ ಬಾರದುದಕ್ಕೂ ಒಂದು ಇತಿಹಾಸವಿದೆ. ಟೆಕ್ಸಸ್‌ನ ಶಾಲೆಗಳಲ್ಲಿ ಸ್ಪ್ಯಾನಿಷ್ ಮಾತನಾಡಿದ ಮಕ್ಕಳನ್ನು ದಂಡಿಸುತ್ತಿದ್ದ ಕಾಲವೊಂದಿತ್ತು. ಆ ಪೆಟ್ಟು ತಿಂದ ತಲೆಮಾರು ತಮ್ಮ ಮಕ್ಕಳೊಡನೆ ಇಂಗ್ಲಿಷನ್ನೇ ಆಡಿತು. ಭಾಷೆಯನ್ನು ಕಳೆದುಕೊಂಡದ್ದೇ ಆ ಸಮುದಾಯದ ಅನುಭವದ ಭಾಗವಾಗಿರುವಾಗ, ಭಾಷೆ ಬಾರದವನು ಆ ಸಮುದಾಯದವನಲ್ಲ ಎನ್ನುವುದು ಹೇಗೆ? ಹೊರದೇಶಗಳಲ್ಲಿ ಹುಟ್ಟಿ ಬೆಳೆದ, ಕನ್ನಡ ಅರ್ಥವಾದರೂ ಆಡಲು ತಡವರಿಸುವ ಕನ್ನಡಿಗರ ಮಕ್ಕಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇತ್ತ ಕೇನ್ ಅವರು ಕಷ್ಟಪಟ್ಟು ಕಲಿತ ಭಾಷೆಯೂ ಬರಿಯ ವೇಷವಲ್ಲ; ಮತ ಕೇಳುವ ಕಾಲ ಬರುವುದಕ್ಕೆ 35 ವರ್ಷ ಮುಂಚೆ ಕಲಿತದ್ದು. ಒಬ್ಬರನ್ನು ಕೊಂಡಾಡಲು ಇನ್ನೊಬ್ಬರನ್ನು ಕೀಳುಗಳೆಯುವ ಅಗತ್ಯವಿಲ್ಲ. ಆದರೆ ಮುಖವನ್ನು ನೋಡಿಯೋ ಭಾಷೆಯನ್ನು ಕೇಳಿಯೋ ಪ್ರಾತಿನಿಧ್ಯವನ್ನು ನಿಶ್ಚಯಿಸುವುದು ಎಷ್ಟು ಅಲ್ಪ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಮುಖ ಒಂದು, ಹಿತ ಇನ್ನೊಂದು ಎಂಬುದಕ್ಕೆ ಆ ದೇಶದ ಇತಿಹಾಸದಲ್ಲಿಯೇ ಚಾರ್ಲ್ಸ್ ಕರ್ಟಿಸ್ ಅವರ ಉದಾಹರಣೆ ಇದೆ. 1929ರಿಂದ 1933ರವರೆಗೆ ಹೂವರ್ ಅವರ ಉಪಾಧ್ಯಕ್ಷರಾಗಿದ್ದ ಕರ್ಟಿಸ್, ತಾಯಿಯ ಕಡೆಯಿಂದ ಕಾ ಎಂಬ ಮೂಲನಿವಾಸಿ ಬುಡಕಟ್ಟಿಗೆ ಸೇರಿದವರು. ಬಾಲ್ಯದ ಕೆಲವು ವರ್ಷಗಳನ್ನು ಆ ಬುಡಕಟ್ಟಿನ ನೆಲದಲ್ಲಿಯೇ ಕಳೆದವರು. ಬಿಳಿಯರಲ್ಲದ ಮೂಲವುಳ್ಳ ಮೊದಲ ಉಪಾಧ್ಯಕ್ಷ ಅವರೇ. ಆದರೆ ಅವರ ಹೆಸರನ್ನೇ ಹೊತ್ತ 1898ರ ಶಾಸನವು ಇಂಡಿಯನ್ ಟೆರಿಟರಿಯಲ್ಲಿದ್ದ ಚೆರೊಕಿ, ಚೋಕ್ಟಾ ಮೊದಲಾದ ಐದು ಬುಡಕಟ್ಟುಗಳ ನ್ಯಾಯಾಲಯಗಳನ್ನು ರದ್ದುಪಡಿಸಿ, ಅವರ ಸಾಮೂಹಿಕ ಭೂಮಿಯನ್ನು ತುಂಡು ತುಂಡಾಗಿ ಹಂಚಲು ದಾರಿ ಮಾಡಿತು. ತಮ್ಮವನೊಬ್ಬನು ಮೇಲೇರಿದನೆಂದು ಆ ಜನರು ಹೆಮ್ಮೆಪಟ್ಟಿದ್ದರೆ, ಆ ಹೆಮ್ಮೆಗೆ ಪ್ರತಿಯಾಗಿ ದೊರೆತದ್ದು ಇದು. ಕರ್ಟಿಸ್ ಅವರನ್ನು ದ್ರೋಹಿಯೆನ್ನುವುದು ಸುಲಭ. ಬಿಳಿಯರ ಬಾಳ್ವೆಯಲ್ಲಿ ಬೆರೆತುಹೋಗುವುದೇ ತಮ್ಮವರಿಗೆ ಹಿತವೆಂದು ಅವರು ನಿಜವಾಗಿ ನಂಬಿದ್ದರು. ಅದಕ್ಕಾಗಿಯೇ ಈ ಉದಾಹರಣೆ ಮುಖ್ಯ. ಒಂದು ಸಮುದಾಯದಿಂದ ಬಂದವನ ಪ್ರಾಮಾಣಿಕತೆಯೂ ಆ ಸಮುದಾಯದ ಹಿತಕ್ಕೆ ಜಾಮೀನಲ್ಲ.

ಆದಕಾರಣ ಗೌರವಕ್ಕೂ ಗಾಳಕ್ಕೂ ಇರುವ ವ್ಯತ್ಯಾಸವನ್ನು ಹೆಸರಿನಲ್ಲಿ ಹುಡುಕದೆ, ಹೆಸರಿನ ಜೊತೆಗೆ ಮೇಜಿನ ಮೇಲೆ ಇನ್ನೇನನ್ನು ಇಟ್ಟರು ಎಂಬುದರಲ್ಲಿ ಹುಡುಕಬೇಕು. 2012ರಲ್ಲಿ ಮಿಟ್ ರಾಮ್ನಿಯವರು, ಪರವಾನಗಿ ಇಲ್ಲದ ವಲಸೆಗಾರರು ತಾವಾಗಿಯೇ ಊರಿಗೆ ಹಿಂದಿರುಗುವಂತೆ ಮಾಡಬೇಕೆಂಬ ನಿಲುವನ್ನು ಚರ್ಚಾಸಭೆಯಲ್ಲಿ ಸಾರಿದ್ದರು. ಆ ನಿಲುವನ್ನು ಇಟ್ಟುಕೊಂಡೇ ರೂಬಿಯೊ ಅವರನ್ನೋ ಮಾರ್ಟಿನೆಜ್ ಅವರನ್ನೋ ಜೊತೆಗೆ ನಿಲ್ಲಿಸಿಕೊಂಡಿದ್ದರೆ ಅದು ಕಹಿ ಔಷಧಿಯ ಮೇಲೆ ಸಕ್ಕರೆಯ ಲೇಪವಾಗುತ್ತಿತ್ತು. ಅವರು ಪಾಲ್ ರಯಾನ್ ಅವರನ್ನು ಆರಿಸಿದರು. ಮತಗಟ್ಟೆ ಸಮೀಕ್ಷೆಯ ಪ್ರಕಾರ ಲ್ಯಾಟಿನೋ ಮತಗಳಲ್ಲಿ ಶೇಕಡಾ 27 ಪಡೆದು ಸೋತರು. ಸೋಲಿಗೆ ಬೇರೆ ಕಾರಣಗಳು ಏನೇ ಇರಲಿ, ಮುಸುಕು ಹಾಕದೆ ಸೋತರೆಂಬುದನ್ನು ಅವರ ಪಾಲಿಗೆ ಜಮಾ ಹಿಡಿಯಬೇಕು. ಮರುವರ್ಷ ಅವರ ಪಕ್ಷವೇ ನಡೆಸಿದ ಆತ್ಮಪರೀಕ್ಷೆಯ ವರದಿಯು ವಲಸೆ ನೀತಿಯ ಸುಧಾರಣೆಯನ್ನು ಒಪ್ಪಬೇಕೆಂದು ಸಲಹೆಯಿತ್ತಿತು. ಪಕ್ಷ ಆ ದಾರಿಯನ್ನು ತುಳಿಯಲಿಲ್ಲ.

ಮತದಾರನ ಕಡೆಯಿಂದ ನೋಡಿದರೆ ಈ ಇಡೀ ಎಣಿಕೆಗೆ 2024ರಲ್ಲಿ ಒಂದು ವಿಚಿತ್ರ ಉತ್ತರ ಸಿಕ್ಕಿತು. ಡೊನಾಲ್ಡ್ ಟ್ರಂಪ್ ಅವರ ಜೊತೆಗೆ ನಿಂತವರು ಒಹಾಯೊದ ಬಿಳಿಯರಾದ ವ್ಯಾನ್ಸ್. ವಲಸೆಗಾರರನ್ನು ಕುರಿತು ಟ್ರಂಪ್ ಆಡಿದ ಮಾತುಗಳು ಕಟುವಾಗಿದ್ದವು. ಚುನಾವಣೆಗೆ ಹತ್ತು ದಿನವೂ ಇಲ್ಲದಿರುವಾಗ ಅವರ ನ್ಯೂಯಾರ್ಕ್ ಸಭೆಯಲ್ಲಿ ಒಬ್ಬ ಹಾಸ್ಯಗಾರ ಪೋರ್ಟೊ ರಿಕೊವನ್ನು ತೇಲುವ ಕಸದ ದ್ವೀಪವೆಂದು ಮೂದಲಿಸಿದನು. ಆದರೂ ಮತಗಟ್ಟೆ ಸಮೀಕ್ಷೆಯಂತೆ ಲ್ಯಾಟಿನೋ ಮತಗಳಲ್ಲಿ ಸುಮಾರು ಶೇಕಡಾ 46 ಟ್ರಂಪ್ ಅವರಿಗೆ ಬಂದವು. ಟೆಕ್ಸಸ್‌ನ ಗಡಿಯಲ್ಲಿರುವ, ಬಹುತೇಕ ಎಲ್ಲರೂ ಲ್ಯಾಟಿನೋಗಳೇ ಆಗಿರುವ ಸ್ಟಾರ್ ಕೌಂಟಿ ನೂರು ವರ್ಷಗಳಿಗೂ ಮಿಗಿಲಾಗಿ ಡೆಮಾಕ್ರಟಿಕ್ ಪಕ್ಷವನ್ನು ಬಿಟ್ಟಿರಲಿಲ್ಲ. ಆ ವರ್ಷ ಬಿಟ್ಟಿತು. ಪೇಟೆಯ ಬೆಲೆ, ಮನೆಬಾಡಿಗೆ, ದುಡಿಮೆಯ ಚಿಂತೆ ಎಲ್ಲಕ್ಕಿಂತ ಮುಂದಾದವು. ಅವರ ತೀರ್ಮಾನ ಸರಿಯೋ ತಪ್ಪೋ ಎಂಬ ವಿಚಾರ ಬೇರೆ. ಮುಖ ತೋರಿಸಿದರೆ ಬರುವ, ಮುಖ ಮರೆಸಿದರೆ ಹೋಗುವ ಮಂದೆ ತಾವಲ್ಲ ಎಂಬುದನ್ನಂತೂ ಅವರು ತೋರಿಸಿಕೊಟ್ಟರು. ಉಪಾಧ್ಯಕ್ಷ ಉಮೇದುವಾರನಿಂದ ಅವನ ಸಮುದಾಯದ ಮತ ನೇರವಾಗಿ ಬರುವುದು ಅತ್ಯಲ್ಪ, ಆರಿಸಿದವನ ವಿವೇಕದ ಬಗ್ಗೆ ಜನ ಏನು ತಿಳಿಯುತ್ತಾರೆಂಬುದೇ ಮುಖ್ಯ ಎಂದು ಡಿವೈನ್ ಮತ್ತು ಕಾಪ್ಕೊ ಎಂಬ ಇಬ್ಬರು ವಿದ್ವಾಂಸರು 2020ರಲ್ಲಿಯೇ ಬರೆದಿದ್ದರು.

ಹಾಗಾದರೆ ಕರೆ ಬಂದವನ ಕರ್ತವ್ಯವೇನು? ಇದನ್ನು ಚರ್ಚಿಸುವವರು ಕಡಿಮೆ. ತನ್ನನ್ನು ಕರೆದದ್ದು ತನ್ನ ಕುಲದ ಸಲುವಾಗಿ ಎಂದು ತಿಳಿದೂ ಹೋಗುವುದು ಅಪಮಾನವೇ? 2004ರಲ್ಲಿ ರಿಚರ್ಡ್‌ಸನ್ ಅವರು, ತಮ್ಮ ರಾಜ್ಯದ ಜನರಿಗೆ ಅವಧಿ ಪೂರೈಸುವ ಮಾತು ಕೊಟ್ಟಿರುವುದಾಗಿ ಹೇಳಿ ಯಾದಿಯಿಂದ ಹೆಸರನ್ನು ಹಿಂತೆಗೆದುಕೊಂಡರು. 2020ರಲ್ಲಿ ಕೊರ್ಟೆಜ್ ಮಾಸ್ಟೊ ಅವರೂ ನೆವಾಡಾದ ಕೆಲಸವೇ ತಮಗೆ ಮುಖ್ಯವೆಂದರು. ಇವರ ನಡತೆಗೆ ಒಂದು ಘನತೆಯಿದೆ. ಆದರೆ ಹೋದವರಿಗೆ ಘನತೆಯಿಲ್ಲ ಎನ್ನಲಾಗದು. 1988ರಲ್ಲಿ, ಚುನಾವಣೆಗೆ ಮೂರು ತಿಂಗಳೂ ಇಲ್ಲದಿರುವಾಗ, ರೇಗನ್ ಅವರು ಟೆಕ್ಸಸ್‌ನ ವಿದ್ವಾಂಸ ಲಾರೊ ಕಾವಾಸೊಸ್ ಅವರನ್ನು ಶಿಕ್ಷಣ ಕಾರ್ಯದರ್ಶಿಯಾಗಿ ಹೆಸರಿಸಿದರು. ಅಧ್ಯಕ್ಷನ ಸಂಪುಟದಲ್ಲಿ ಮೊದಲ ಲ್ಯಾಟಿನೋ. ಟೆಕ್ಸಸ್‌ನ ಮತಗಳಿಗೆಂದೇ ಈ ಆಯ್ಕೆ ಎಂಬ ಮಾತು ಆಗಲೇ ಇತ್ತು. ಕಾವಾಸೊಸ್ ಅವರು ಪಶುಪಾಲನಾ ಕ್ಷೇತ್ರವೊಂದರ ಮೇಸ್ತ್ರಿಯ ಮಗ. ವಿಶ್ವವಿದ್ಯಾನಿಲಯವೊಂದರ ಅಧ್ಯಕ್ಷರಾಗಿ ಬಂದವರು. ಚುನಾವಣೆ ಮುಗಿದ ಮೇಲೂ 1990ರ ಕೊನೆಯವರೆಗೆ ಆ ಕೆಲಸದಲ್ಲಿದ್ದು, ಅರ್ಧದಲ್ಲಿ ಶಾಲೆ ಬಿಡುವ ಲ್ಯಾಟಿನೋ ಮಕ್ಕಳ ಬಗ್ಗೆ ಮಾತನಾಡುತ್ತಲೇ ಇದ್ದರು. ಕರೆದವನ ಮನಸ್ಸಿನಲ್ಲಿ ಇದ್ದದ್ದು ನವೆಂಬರ್ ತಿಂಗಳು. ಬಂದವರ ಮನಸ್ಸಿನಲ್ಲಿ ಇದ್ದದ್ದು ಮಕ್ಕಳು. ಇಂಥಲ್ಲಿ ಬಾಗಿಲು ತೆರೆದವನ ಸ್ವಾರ್ಥಕ್ಕಾಗಿ ಒಳಬರುವವನು ಹೊಸ್ತಿಲ ಹೊರಗೇ ನಿಂತರೆ ನಷ್ಟ ಯಾರಿಗೆ?

ನಾರ್ತ್ ಓಕ್ಸ್‌ನ ಮೆರವಣಿಗೆಯನ್ನು ನಡೆಸಿದ ಮಾಂಡೇಲ್ ಅವರಿಗೂ ಇಲ್ಲಿ ನ್ಯಾಯ ಸಲ್ಲಬೇಕು. 1977ರಲ್ಲಿ ಕಾರ್ಟರ್ ಅವರ ಉಪಾಧ್ಯಕ್ಷರಾದಾಗ ಶ್ವೇತಭವನದ ಪಶ್ಚಿಮ ಭಾಗದಲ್ಲಿಯೇ ಕಚೇರಿಯನ್ನು ಪಡೆದು, ವಾರಕ್ಕೊಮ್ಮೆ ಅಧ್ಯಕ್ಷರೊಡನೆ ಊಟಕ್ಕೆ ಕುಳಿತು ಆಲೋಚನೆ ಹೇಳುವ ಪದ್ಧತಿಯನ್ನು ತಂದವರು ಅವರೇ. ಅಲಂಕಾರದ ಹುದ್ದೆಯನ್ನು ಕೆಲಸದ ಹುದ್ದೆಯಾಗಿ ಮಾಡಿದವರು. ತಾವು ಕರೆಸಿದವರಲ್ಲಿ ಆ ಕೆಲಸಕ್ಕೆ ತಕ್ಕವರಿದ್ದಾರೆಯೇ ಎಂದು ಅವರು ನಿಜವಾಗಿ ತೂಗಿ ನೋಡಿರಲೂಬಹುದು. ಆದರೆ ಬಾಗಿಲಲ್ಲಿ ಛಾಯಾಗ್ರಾಹಕರನ್ನು ನಿಲ್ಲಿಸಿಕೊಂಡು ತೂಗಿದಾಗ, ತೂಗಿದ್ದು ಸರಿಯಾದರೂ ನೋಡಿದವರಿಗೆ ಕಂಡದ್ದು ಪ್ರದರ್ಶನವೇ.

2024ರಲ್ಲಿ ರೂಬಿಯೊ ಅವರ ಹೆಸರು ಬಂದಾಗ ಅಡ್ಡಿಯಾದ ಸಂಗತಿಗಳಲ್ಲಿ 1804ರ ಸಂವಿಧಾನ ತಿದ್ದುಪಡಿಯೂ ಒಂದು. ಒಂದು ರಾಜ್ಯದ ನಿಯೋಜಕರು ತಮ್ಮದೇ ರಾಜ್ಯದ ಇಬ್ಬರಿಗೆ ಅಧ್ಯಕ್ಷ, ಉಪಾಧ್ಯಕ್ಷ ಎರಡೂ ಸ್ಥಾನಗಳ ಮತ ನೀಡುವಂತಿಲ್ಲ. ಟ್ರಂಪ್ ಮತ್ತು ರೂಬಿಯೊ ಇಬ್ಬರೂ ಫ್ಲಾರಿಡಾದ ನಿವಾಸಿಗಳು. ಜುಲೈ 15ರಂದು ವ್ಯಾನ್ಸ್ ಅವರ ಹೆಸರು ಘೋಷಿತವಾಯಿತು. 2025ರ ಜನವರಿ 20ರಂದು ಸೆನೆಟ್ ಸಭೆಯು ರೂಬಿಯೊ ಅವರನ್ನು ವಿದೇಶಾಂಗ ಕಾರ್ಯದರ್ಶಿಯ ಪದಕ್ಕೆ 99 ಮತಗಳಿಂದ, ವಿರೋಧವೇ ಇಲ್ಲದೆ ಅನುಮೋದಿಸಿತು. ಅಧ್ಯಕ್ಷ ಪದವಿಯ ಉತ್ತರಾಧಿಕಾರದ ಸಾಲಿನಲ್ಲಿ ಅದು ನಾಲ್ಕನೆಯ ಸ್ಥಾನ. ಆ ಪದಕ್ಕೆ ಬಂದ ಮೊದಲ ಲ್ಯಾಟಿನೋ ಅವರು. ಅದಕ್ಕಾಗಿ ಯಾವ ರಾಜ್ಯದ ಮತದಾರರ ಮುಂದೆಯೂ ಅವರನ್ನು ನಿಲ್ಲಿಸಿ ತೋರಿಸಬೇಕಾಗಿರಲಿಲ್ಲ.